ಗುಜರಿ ರಾಶಿಯಲ್ಲೊಂದು ಆನೆ

ನಲವತ್ತು ದಾಟಿದ ಗಂಡಸು ಸಂತೆಯಲ್ಲಿ ಗುಜರಿ ಸಾಮಾನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರೆ ನೋಡಿದವರು ತಲೆಗೊಂದು ಕಥೆ ಕಟ್ಟುತ್ತಾರೆ. ತೋಟದ ಮೋಟಾರಿಗೆ ಯಾವುದೋ ಬಿಡಿಭಾಗ ಹುಡುಕುತ್ತಿರಬೇಕು ಎಂದುಕೊಳ್ಳುವವರು ಮರ್ಯಾದಸ್ಥರು. ಮಿಕ್ಕವರು ‘ಪಾಪ, ವ್ಯಾಪಾರ ಕೈಕೊಟ್ಟಿರಬೇಕು’ ಎಂದು ಕಂಡೂ ಕಾಣದ ಹಾಗೆ ದಾಟಿಕೊಳ್ಳುತ್ತಾರೆ. ನಾನು ಕೊಳ್ಳೇಗಾಲದಲ್ಲಿ ಅಪ್ಪ ಬಿಟ್ಟುಹೋದ ಮಗ್ಗಗಳನ್ನು ಇಟ್ಟುಕೊಂಡು ರೇಷ್ಮೆ ಸೀರೆ ನೇಯುವವನು. ಸಂತೆಯಲ್ಲಿ ಸಿಗುವವರಲ್ಲಿ ಅರ್ಧ ಜನ ನನ್ನ ಗಿರಾಕಿಗಳೇ. ಈ ವರ್ಷ ಅವರೆಲ್ಲರ ಕಣ್ಣ ಮುಂದೆಯೇ ಕೊಳ್ಳೇಗಾಲದಿಂದ ಹಿಡಿದು ಹನೂರಿನವರೆಗೆ ಸಂತೆ ಸಂತೆಯಲ್ಲೂ ಹೀಗೆ ಕೂತು, ಸತ್ತ ರಿಮೋಟು, ಮಿಕ್ಸಿ ಜಾರು, ಮುಳ್ಳಿಲ್ಲದ ಗಡಿಯಾರಗಳ ನಡುವೆ ಕೈಯಾಡಿಸಿ, ಏಳುವಾಗ ಮಂಡಿ ಹಿಡಿದುಕೊಂಡು ಎದ್ದಿದ್ದೇನೆ. ಹುಡುಕುತ್ತಿದ್ದದ್ದು ಟಿವಿಗೆ ಸಿಕ್ಕಿಸಿ ಆಡುವ ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ಟು. ಅದೂ ಆಡುವುದಕ್ಕಲ್ಲ, ಅದರೊಳಗಿರುವ ಒಂದು ಆನೆಗಾಗಿ. ಹೀಗೆ ಹೇಳಿದರೆ ನೀವೂ ದಾಟಿಕೊಂಡು ಹೋಗುತ್ತೀರಿ. ಆದ್ದರಿಂದ ಮೊದಲಿನಿಂದ ಹೇಳುವುದೇ ಒಳ್ಳೆಯದು.

ನನಗೊಂದು ದುರಭ್ಯಾಸವಿದೆ. ಯಾರೇನು ಕೇಳಿದರೂ ಬಾಯಿಂದ ಮೊದಲು ಬರುವುದು ‘ಅದೇನ್ ಮಹಾ’ ಎಂಬ ಮಾತು. ಬೀಡಿ ಸಿಗರೇಟಾದರೆ ಬಿಡಿಸಲು ಡಾಕ್ಟರಿದ್ದಾರೆ, ಇದಕ್ಕೆ ಹೆಂಡತಿಯೊಬ್ಬಳೇ ಮದ್ದು. ಆ ಮದ್ದೂ ನನಗೆ ಇಷ್ಟು ವರ್ಷದಲ್ಲಿ ಹಿಡಿದಿಲ್ಲ. ಯಳಂದೂರಿಗೆ ಕೊಟ್ಟಿರುವ ನನ್ನ ಅಕ್ಕ ನಾಗರತ್ನಳ ಮಗಳು ಪಲ್ಲವಿಗೆ ಮದುವೆ ಗೊತ್ತಾಯಿತು. ನಮ್ಮ ಕಡೆ ಧಾರೆ ಸೀರೆ ಸೋದರಮಾವನ ಮನೆಯಿಂದಲೇ ಬರಬೇಕು. ಮಿಕ್ಕ ಸೋದರಮಾವಂದಿರು ಅಂಗಡಿಗೆ ಹೋಗಿ, ತಂಪು ಪಾನೀಯ ಕುಡಿದು, ಹೆಂಗಸರು ತೋರಿಸಿದ ಸೀರೆಗೆ ತಲೆಯಾಡಿಸಿ ಬಂದರೆ ಮುಗಿಯಿತು. ನೇಕಾರನಾದವನಿಗೆ ಆ ಸುಖ ಇಲ್ಲ. ಅವನು ತನ್ನ ಮಗ್ಗದಲ್ಲೇ ನೇಯ್ದು ಕೊಡಬೇಕು, ಇಲ್ಲದಿದ್ದರೆ ಬೀದಿಯವರು ಗಂಡಿನ ಕಡೆಯವರಿಗಿಂತ ಮೊದಲು ಮಾತಾಡುತ್ತಾರೆ. ಪಲ್ಲವಿ ಫೋನು ಮಾಡಿ, “ಮಾವ, ಅಮ್ಮನ ಧಾರೆ ಸೀರೇಲಿ ಇತ್ತಲ್ಲ ಆನೆ ಅಂಚು, ನಂಗೆ ಅದೇ ಬೇಕು. ಚಿಕ್ಕವಳಿದ್ದಾಗ ಅಮ್ಮನ ಸೆರಗು ಹೊದ್ಕೊಂಡು ಆ ಆನೆಗಳ್ನ ಎಣಿಸ್ತಾ ಮಲಗ್ತಿದ್ದೆ,” ಎಂದಳು. ನಾನು ಅದೇನ್ ಮಹಾ ಎಂದೆ. ಫೋನಿಟ್ಟ ಮೇಲೆ ಕೂತಲ್ಲೇ ಬೆವರಿದೆ. ಏಕೆಂದರೆ ಆ ಅಂಚಿನಲ್ಲಿದ್ದದ್ದು ಆನೆಯಲ್ಲ ಎಂಬ ಸತ್ಯ ಈ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತು ಎಂದು ನಾನು ನಂಬಿದ್ದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಮನೆಗೆ ವಿಡಿಯೋ ಗೇಮ್ ಬಂದಿತ್ತು. ಅದರಲ್ಲೊಂದು ಟ್ಯಾಂಕಿನ ಆಟ. ಇಟ್ಟಿಗೆ ಗೋಡೆಗಳ ಸಂದಿಯಲ್ಲಿ ನಮ್ಮದೊಂದು ಟ್ಯಾಂಕು ಓಡಾಡಿಕೊಂಡು, ಬಂದ ಶತ್ರುಗಳನ್ನು ಹೊಡೆಯಬೇಕು. ನಾನೂ ಅಕ್ಕನೂ ಊಟ ನಿದ್ದೆ ಬಿಟ್ಟು ಆಡುತ್ತಿದ್ದೆವು. ಅಪ್ಪ ಮಗ್ಗದಿಂದ ಎದ್ದು ಬಂದು ಟಿವಿ ಕಡೆ ಕಣ್ಣು ಕಿರಿದು ಮಾಡಿ ನೋಡಿ, “ಎಲ್ಲಾ ಚೌಕ ಚೌಕ. ಇದ ಯಾರೋ ನಮ್ಮವ್ರೇ ಮಾಡಿರ್ಬೇಕು,” ಎಂದು ಹೋಗುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಸೀರೆಯ ವಿನ್ಯಾಸವನ್ನೂ ಮೊದಲು ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬಿಸಿಕೊಂಡು, ಆಮೇಲೆ ಅದರಂತೆ ರಟ್ಟಿಗೆ ತೂತು ಹೊಡೆಸಿ ಮಗ್ಗಕ್ಕೆ ಏರಿಸುವುದು. ಅಕ್ಕನ ಮದುವೆಗೆಂದು ಅಪ್ಪ ಹಂಸದ ಅಂಚು ಬರೆದಿಟ್ಟಿದ್ದ ಹಾಳೆಯ ಹಿಂಬದಿ ಖಾಲಿಯಿತ್ತು. ನೇಕಾರರ ಮನೆಯ ಮಕ್ಕಳಿಗೆ ಖಾಲಿ ಚೌಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಹಂಸದ ಬೆನ್ನಿಗೆ ಟ್ಯಾಂಕು ಬಂದು ಕೂತಿತು. ರಟ್ಟು ಹೊಡೆಯುವವರು ಹಾಳೆಯನ್ನು ತಿರುವಿ ಇಟ್ಟುಕೊಂಡರು.

ಗೇಣುದ್ದ ನೇಯ್ದ ಮೇಲೆ ಅಪ್ಪನ ಕೈ ನಿಂತಿತು. ಅಂಚಿನಲ್ಲಿ ಹಂಸವಿಲ್ಲ, ನಾಲ್ಕು ದಪ್ಪ ಕಾಲಿನ, ಮುಂದಕ್ಕೆ ಚಾಚಿದ ಮೂತಿಯ ಪ್ರಾಣಿಗಳು ಜರಿಯಲ್ಲಿ ಸಾಲಾಗಿ ನಡೆಯುತ್ತಿವೆ, ಅವುಗಳ ಕಾಲಡಿ ಅಡ್ಡಡ್ಡ ಗೆರೆಗಳ ಪಟ್ಟಿ. ಅಪ್ಪ ಕತ್ತರಿ ತರಲು ಏಳುವುದಕ್ಕೂ ಪಕ್ಕದ ಮನೆಯ ಪುಟ್ಟಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಒಳಗೆ ಬರುವುದಕ್ಕೂ ಸರಿಹೋಯಿತು. ಆಕೆ ಮಗ್ಗದ ಮೇಲೆ ಬಗ್ಗಿ, “ಅಯ್ಯೋ ಎಷ್ಟ್ ಲಕ್ಷಣವಾಗವೆ ಆನೆಗಳು. ಮಗಳ ಮನೆಗೆ ಲಕ್ಷ್ಮೀನೇ ಕಳಿಸ್ತಾ ಇದ್ದೀರಾ ಬುಡಿ,” ಎಂದರು. ಅಪ್ಪ ಮತ್ತೆ ಕೂತರು. ಸಂಜೆಯ ಹೊತ್ತಿಗೆ ಅವರೇ ಬೀದಿಯವರನ್ನು ಕರೆದು ಆನೆ ತೋರಿಸುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಮದುವೆಯ ಸೀರೆಯ ಮೇಲೆ ಯುದ್ಧದ ಟ್ಯಾಂಕು ನಡೆಸಿದ್ದೇನೆ ಎಂದು ಯಾವ ಬಾಯಿಂದ ಹೇಳುವುದು? ಅಕ್ಕ ಆ ಆನೆಗಳನ್ನು ಉಟ್ಟು ಧಾರೆಗೆ ಕೂತಳು. ಭಾವ ಬಹಳ ಸಾಧು ಮನುಷ್ಯ. ಆದರೂ ಅವರ ಮನೆಯಲ್ಲಿ ಗಂಡ ಹೆಂಡಿರ ಮಾತು ಏರಿತು ಎಂದು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಅಳುಕಾಗುತ್ತಿತ್ತು.

ಈಗ ಆ ರಟ್ಟುಗಳನ್ನು ಇಲಿ ತಿಂದಿದೆ. ಹಾಳೆಯೂ ನಮ್ಮ ಆ ವಿಡಿಯೋ ಗೇಮೂ ಎಲ್ಲಿ ಹೋದವೋ ಗೊತ್ತಿಲ್ಲ. ಅಕ್ಕನನ್ನು ಸೀರೆ ಕೇಳಿದರೆ, ಅದು ಬೀರುವಿನ ತಳದಲ್ಲಿದೆ, ಹಳೇ ರೇಷ್ಮೆ, ಮಡಿಕೆ ಬಿಚ್ಚಿದರೆ ಸೀಳುತ್ತದೆ ಎಂದಳು. ಫೋಟೋನಾದರೂ ತೆಗೆದು ಕಳಿಸು ಎಂದರೆ, ತನ್ನ ಫೋನಿನ ಕಣ್ಣು ಮಂಜಾಗಿದೆ ಎಂದಳು. ಮದುವೆಯ ಆಲ್ಬಮ್ಮಿನಲ್ಲಿ ಹಾರಗಳೇ ತುಂಬಿವೆ, ಅಂಚು ಕಾಣದು. ನೆನಪಿನಿಂದ ಬರೆಯಲು ಕೂತರೆ ಒಮ್ಮೆ ಹಂದಿ ಬಂತು, ಇನ್ನೊಮ್ಮೆ ಹೊಲಿಗೆ ಯಂತ್ರ. ಫೋನಿನಲ್ಲಿ ಹುಡುಕಿದರೆ ಲೋಕದ ಸೇನೆಯೆಲ್ಲ ಬಂತು, ನಮ್ಮ ಟ್ಯಾಂಕು ಬರಲಿಲ್ಲ. ನಮ್ಮದು ನಕಲಿನ ನಕಲು ಕ್ಯಾಸೆಟ್ಟು. ಅಕ್ಕನಿಗೆ ನಿಜ ಹೇಳಿ ನೆರವು ಕೇಳೋಣವೆಂದರೆ, ಇಷ್ಟು ವರ್ಷ ಆನೆ ಎಂದು ಪೂಜೆ ಮಾಡಿದವಳ ಮುಂದೆ ಮಗಳ ಮದುವೆಯ ಹೊತ್ತಿನಲ್ಲಿ ಆ ಮಾತು ಆಡುವುದೆಂತು? ಹೀಗಾಗಿ ಸ್ಕೂಟರ್ ಹತ್ತಿದೆ.

ಕೊಳ್ಳೇಗಾಲದ ಸಂತೆಯಲ್ಲಿ ಗೇಮಿನ ಡಬ್ಬ ಬೇಗ ಸಿಕ್ಕಿತು, ಎರಡು ಹಿಡಿಗಳ ಸಮೇತ. ಕ್ಯಾಸೆಟ್ಟು ಮಾತ್ರ ಆಟ ಆಡಿಸಿತು. ಕುಂತೂರಿನಲ್ಲಿ ಒಬ್ಬರ ಹತ್ತಿರ ಚೀಲದ ತುಂಬ ಇವೆ ಎಂದು ಯಾರೋ ಹೇಳಿದ್ದನ್ನು ನಂಬಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ ಧೂಳು ಕುಡಿಯುತ್ತಾ ಹೋದೆ. ಚೀಲದಲ್ಲಿದ್ದವು ಹರಿಕಥೆಯ ಕ್ಯಾಸೆಟ್ಟುಗಳು. ಯಳಂದೂರಿನ ಸಂತೆಯಲ್ಲಿ ಅಕ್ಕನ ಕಣ್ಣಿಗೆ ಬೀಳಬಾರದೆಂದು ಟವೆಲು ಮುಸುಕು ಹಾಕಿಕೊಂಡು ಹುಡುಕಿದೆ. ಹೊನ್ನೂರಿನ ನನ್ನ ಗಿರಾಕಿಯೊಬ್ಬರು ಆ ಮುಸುಕಿನಲ್ಲೂ ಗುರುತು ಹಿಡಿದು, ಸಾಲಗಾರರ ಕಾಟವೇ ಎಂದು ಮೆಲ್ಲಗೆ ವಿಚಾರಿಸಿದರು.

ಕೊನೆಗೆ ಹನೂರಿನಲ್ಲಿ, ಟಾರ್ಪಾಲು ಹಾಸಿ ಕೂತಿದ್ದ ಮುರುಗೇಶ ಎಂಬಾತನ ತಕ್ಕಡಿ ಓಲಾಡದಿರಲೆಂದು ಅದರ ಕೆಳಗೆ ಕೊಟ್ಟಿದ್ದ ಹಳದಿ ತುಂಡು ನನ್ನ ಕಣ್ಣಿಗೆ ಬಿತ್ತು. ಮೇಲಿನ ಚೀಟಿಯಲ್ಲಿ ನಮ್ಮದೇ ಟ್ಯಾಂಕು. ಮುಖದಲ್ಲಿ ಆಸೆ ತೋರಿಸಬಾರದು ಎಂಬುದು ವ್ಯಾಪಾರದ ಮೊದಲ ಪಾಠ. ನಾನು ಹುಟ್ಟಾ ವ್ಯಾಪಾರಿ, ಆದರೂ ಅದನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟೆ. ಮುರುಗೇಶನಿಗೆ ಅಷ್ಟು ಸಾಕಾಯಿತು. “ಗೋಪಿನಾಥಂ ಕಡೆ ಮನೇದು ಸಾ. ಅಲ್ಲಿ ಕರೆಂಟೇ ಸರಿಯಾಗಿ ಇರ್ನಿಲ್ಲ, ಅವ್ರು ಆಡೇ ಇಲ್ಲ. ಹೊಸದೇ ಅನ್ಕಳಿ,” ಎಂದ. ತಕ್ಕಡಿ ಓಲಾಡುತ್ತದಲ್ಲಾ ಎಂದು ಅದಕ್ಕೂ ಬೇರೆ ಬೆಲೆ ಕಟ್ಟಿದ. ನಾನು ಕೊಟ್ಟು ಬಂದೆ.

ಮಗ್ಗದ ಕೋಣೆಯಲ್ಲಿ ನಮ್ಮ ಹಳೆಯ ದಪ್ಪ ಟಿವಿ ರೇಷ್ಮೆ ಲಡಿಗಳನ್ನು ಹೊತ್ತುಕೊಂಡು ಕೂತಿತ್ತು. ಅದನ್ನು ಒರೆಸಿ ಎಲ್ಲ ಸಿಕ್ಕಿಸಿದೆ. ಗುಜರಿಯದು, ಯಾರ ಮನೆಯದೋ ಏನೋ ಎಂದು ನನ್ನ ಹೆಂಡತಿ ಗಿರಿಜ ಕ್ಯಾಸೆಟ್ಟಿಗೆ ಅರಿಸಿನದ ನೀರು ಚಿಮುಕಿಸಿ ಒಳಗೆ ಬಿಟ್ಟುಕೊಂಡಳು. ಟಿವಿಯಲ್ಲಿ ಬರೀ ಬಿಳಿ. ಕ್ಯಾಸೆಟ್ಟು ತೆಗೆದು ಬಾಯಿಂದ ಊದಿ ಮತ್ತೆ ಹಾಕುವುದು ನಮ್ಮ ಕಾಲದ ಶಾಸ್ತ್ರ. ಊದಿದೆ, ಹಾಕಿದೆ, ಊದಿದೆ. ತಲೆ ಸುತ್ತು ಬಂದು ಗೋಡೆ ಹಿಡಿದುಕೊಂಡಾಗ ಗಿರಿಜ, “ಇಷ್ಟು ಹೊತ್ತು ಒಲೆ ಊದಿದ್ರೆ ಅನ್ನನಾದ್ರೂ ಆಗ್ತಿತ್ತು,” ಎಂದು ಒಳಗೆ ಹೋದಳು. ಅವಳು ಹೋದ ಮೇಲೆ ಚಿತ್ರ ಬಂತು. ಇಟ್ಟಿಗೆ ಗೋಡೆಗಳ ನಡುವೆ ನನ್ನ ಪುಟ್ಟ ಟ್ಯಾಂಕು ನಿಂತಿತ್ತು. ಹೇಳಿಕೊಳ್ಳಲು ನಾಚಿಕೆಯಿಲ್ಲ, ನನ್ನ ಕಣ್ಣು ತುಂಬಿತು.

ಆದರೆ ನಿಂತ ಟ್ಯಾಂಕನ್ನು ಬರೆದುಕೊಳ್ಳುವುದು ಅಷ್ಟು ಸುಲಭವಲ್ಲ. ನಾನು ಗ್ರಾಫ್ ಹಾಳೆಯ ಕಡೆ ಬಗ್ಗಿ ಪೆನ್ಸಿಲಿನಿಂದ ಒಂದು ಚೌಕ ತುಂಬುವಷ್ಟರಲ್ಲಿ ಶತ್ರುಗಳು ಬಂದು ಹೊಡೆದು ಹಾಕುತ್ತಿದ್ದರು. ಆಟ ತಡೆಯುವ ಗುಂಡಿ ಕೆಟ್ಟಿತ್ತು. ಫೋನಿನಲ್ಲಿ ಫೋಟೋ ತೆಗೆದರೆ ಆ ಟಿವಿಯ ಕಪ್ಪು ಪಟ್ಟೆಗಳೇ ಬಂದು, ಟ್ಯಾಂಕು ಕೆರೆಯಲ್ಲಿ ಬಿದ್ದ ಎಮ್ಮೆಯ ಹಾಗೆ ಬೆನ್ನು ಮಾತ್ರ ತೋರಿಸುತ್ತಿತ್ತು. ನಾನು ಬರೆಯುವ ತನಕ ಇನ್ನೊಬ್ಬರು ಎರಡನೇ ಹಿಡಿ ಹಿಡಿದು ಶತ್ರುಗಳನ್ನು ತಡೆಯಬೇಕು. ಗಿರಿಜಳನ್ನು ಬೇಡಿಕೊಂಡೆ. ಅವಳು ಒಂದು ಸಲ ಕೂತು, ಹಾರಿಸಿದ ಮೊದಲ ಗುಂಡಿನಲ್ಲೇ ನನ್ನನ್ನು ಹೊಡೆದು, ಬಹಳ ನೆಮ್ಮದಿಯಿಂದ ಎದ್ದು ಹೋದಳು.

ಅಂಥ ಒಂದು ಮಧ್ಯಾಹ್ನ ಹೇಳದೆ ಕೇಳದೆ ಅಕ್ಕ ಬಂದಳು. ಅಕ್ಕ ತವರಿಗೆ ಬರಿಗೈಯಲ್ಲಿ ಬರುವವಳಲ್ಲ. ಕಂಕುಳಲ್ಲಿ ಸದಾ ಒಂದು ದೊಡ್ಡ ಸ್ಟೀಲಿನ ಡಬರಿ, ಅದರ ತುಂಬ ಕಜ್ಜಾಯವೋ ಚಕ್ಕುಲಿಯೋ. ಸೀರೆ ಎಲ್ಲಿಗೆ ಬಂತು ನೋಡೋಣ ಎಂದು ನೇರ ಮಗ್ಗದ ಕೋಣೆಗೇ ನುಗ್ಗಿದಳು. ಟಿವಿ ಆರಿಸಲು ನನಗೆ ಪುರುಸೊತ್ತಾಗಲಿಲ್ಲ. ಮಗ್ಗದ ಮೇಲೆ ಒಂದೆಳೆ ಹಾಸಿಲ್ಲ, ಟಿವಿಯಲ್ಲಿ ಟ್ಯಾಂಕು, ನನ್ನ ಮಡಿಲಲ್ಲಿ ಅರ್ಧ ಹಂದಿ ಬರೆದ ಹಾಳೆ. ಮದುವೆಗೆ ದಿನ ಹತ್ತಿರ. ಅಕ್ಕನ ಮುಖ ನೋಡುವ ಧೈರ್ಯವಾಗದೆ ನಾನು ಬೈಗುಳಕ್ಕೆ ತಲೆ ಬಗ್ಗಿಸಿ ಕೂತೆ.

ಅಕ್ಕ ಬೈಯಲಿಲ್ಲ. ಡಬರಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಪಕ್ಕ ಕೂತು ಎರಡನೇ ಹಿಡಿ ಎತ್ತಿಕೊಂಡಳು. ಬಂದ ಶತ್ರುಗಳನ್ನೆಲ್ಲ ಮುಗಿಸಿದಳು. ಆಮೇಲೆ ನನ್ನ ಹಾಳೆಯತ್ತ ನೋಡಿ ನಕ್ಕು, ಪೆನ್ಸಿಲು ಕಿತ್ತುಕೊಂಡು, ಹಿಂದುಮುಂದು ನೋಡದೆ ಚೌಕ ತುಂಬತೊಡಗಿದಳು. ನಾಲ್ಕು ದಪ್ಪ ಕಾಲು, ಮೇಲಕ್ಕೆ ಸ್ವಲ್ಪ ಎತ್ತಿದ ಮೂತಿ. ಅದೇ ಆನೆ.

“ಅಕ್ಕ, ಇದು ಟ್ಯಾಂಕು ಅಂತ ನಿಂಗೆ ಗೊತ್ತಿತ್ತಾ?” ಎಂದೆ.

“ಬರ್ದೋಳು ನಾನು ಕಣ್ಲಾ. ನಂಗ್ ಗೊತ್ತಿಲ್ದೆ ಪುಟ್ಟಮ್ಮಂಗ್ ಗೊತ್ತಿರ್ತದಾ?”

ನಾನೇ ಬರೆದದ್ದು ಎಂದು ಇಷ್ಟು ಕಾಲ ನಂಬಿ ಹೆದರಿದವನು ನಾನು. ಹಾಗಾದರೆ ನಾನು ಏನು ಬರೆದೆ ಎಂದು ಕೇಳಿದೆ. ಆನೆಯ ಕಾಲಡಿಯ ಇಟ್ಟಿಗೆ ಗೋಡೆ ನಿನ್ನದು, ಆಗಲೂ ನಿನಗೆ ಬೇರೇನೂ ಬರೆಯಲು ಬರುತ್ತಿರಲಿಲ್ಲ ಎಂದಳು. ಹಾಗಿದ್ದ ಮೇಲೆ ಇಷ್ಟು ದಿನ ಸುಮ್ಮನಿದ್ದು, ಬೀರು, ಮಡಿಕೆ, ಮಂಜುಗಣ್ಣಿನ ಫೋನು ಎಂದೆಲ್ಲ ಹೇಳಿ ನನ್ನನ್ನು ಸಂತೆ ಸಂತೆ ಅಲೆಸಿದ್ದು ಯಾಕೆ ಎಂದು ಈಗ ನನ್ನ ದನಿ ಏರಿತು. ಅಕ್ಕನ ದನಿ ಇಳಿಯಿತು. ಗಿರಿಜ ಅತ್ತ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಕಾಲ ಬಳಿ ಇದ್ದ ಡಬರಿಯನ್ನು ಬೆರಳಿಂದ ಟಣ್ ಎಂದು ತಟ್ಟಿದಳು.

“ಅದು ಇದೇ ಕಣ್ಲಾ. ಹಳೇ ಜರಿ ಸೀರೆಗೆ ಪಾತ್ರೆ ಕೊಡ್ತೀವಿ ಅಂತ ಬಂದಿದ್ರು, ಕೊಟ್ಬುಟ್ಟೆ. ಅಪ್ಪ ಕೈಯಾರ ನೇಯ್ದಿದ್ದು ಅಂತ ಆಮೇಲೆ ಎಷ್ಟ್ ಅತ್ತೆ ಗೊತ್ತಾ. ನಿಂಗ್ ಎಂಗ್ ಹೇಳ್ಲಿ.”

ಆ ಆನೆಗಳಿಗೆ ಬದಲಾಗಿ ಬಂದ ಪಾತ್ರೆಯಲ್ಲೇ ಇಷ್ಟು ವರ್ಷ ನಮ್ಮ ಮನೆಗೆ ಕಜ್ಜಾಯ ಬಂದಿದೆ. ನಾನು ಪ್ರತಿ ಸಲವೂ ಡಬರಿ ಗಟ್ಟಿಯಾಗಿದೆ ಎಂದು ಹೊಗಳಿದ್ದೇನೆ. ನಗು ಮೊದಲು ಯಾರಿಗೆ ಬಂತೋ ಗೊತ್ತಿಲ್ಲ. ಆಮೇಲೆ ಅಕ್ಕ ಪೆನ್ಸಿಲು ನನ್ನ ಕೈಗೆ ಕೊಟ್ಟು, ಗೋಡೆ ನೀನೇ ಬರೆಯಬೇಕು ಎಂದಳು. ಬರೆದೆ.

ಸೀರೆ ಹೊತ್ತಿಗೆ ಸರಿಯಾಗಿ ಮಗ್ಗ ಇಳಿಯಿತು. ಧಾರೆಯ ದಿನ ಹೆಂಗಸರು ಅಂಚು ಮುಟ್ಟಿ ಮುಟ್ಟಿ ನೋಡಿ, ಆನೆ ಅಂದರೆ ಇದಪ್ಪಾ ಎಂದರು. ಅಕ್ಕ ದೂರದಿಂದ ನನ್ನ ಕಡೆ ನೋಡಿದಳು. ನಾನು ಹಾರ ಸರಿ ಮಾಡುವ ನೆಪದಲ್ಲಿ ತಲೆ ಬಗ್ಗಿಸಿದೆ. ಪಲ್ಲವಿ ಮಾತ್ರ, ನಮಸ್ಕಾರಕ್ಕೆ ಬಗ್ಗಿದವಳು, ಅಂಚಿನ ಮೇಲೆ ಬೆರಳಾಡಿಸಿ ಏನನ್ನೋ ಎಣಿಸುತ್ತಿದ್ದಳು.

ಇನ್ನೊಂದು ಮಾತು. ಅಕ್ಕ ಬಂದ ದಿನ ಸಂಜೆ ಹೊರಟು ನಿಂತಾಗ ಗಿರಿಜ ಡಬರಿ ತೊಳೆದು ತಂದಳು. ತಿಂಡಿ ತಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು. ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಗಿರಿಜ ಸಕ್ಕರೆ ಡಬ್ಬಕ್ಕೆ ಕೈ ಹಾಕುವ ಮೊದಲೇ ಅಕ್ಕ ಮಗ್ಗದ ಕೋಣೆಯತ್ತ ಕಣ್ಣು ಹಾಯಿಸಿ, “ಸಕ್ರೆ ಬ್ಯಾಡ ಬುಡು, ನಂಗ್ ಶುಗರ್ರು,” ಎಂದಳು. ಮತ್ತೆ ನನ್ನ ಮುಖ ನೋಡಿದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಅದೇನ್ ಮಹಾ ಎಂದಿತು. ಗೇಮು, ಹಿಡಿಗಳು, ಹನೂರಿನ ಕ್ಯಾಸೆಟ್ಟು ಎಲ್ಲ ಆ ಡಬರಿಯಲ್ಲಿ ಕೂತು ಯಳಂದೂರಿನ ಬಸ್ಸು ಹತ್ತಿದವು. ಆದ್ದರಿಂದ ಹನೂರಿನ ಸಂತೆಯಲ್ಲಿ ನಾನು ಮತ್ತೆ ಕುಕ್ಕರುಗಾಲಿನಲ್ಲಿ ಕೂತದ್ದು ಕಂಡರೆ, ದಯವಿಟ್ಟು ದಾಟಿಕೊಂಡೇ ಹೋಗಿ. ಈ ಸಲ ಯಾರ ಮದುವೆಯೂ ಇಲ್ಲ. ನೆಪ ಕೇಳಿದರೆ ಹೇಳಲು ನನ್ನ ಬಳಿ ಆನೆಯೂ ಇಲ್ಲ.