ಎರಡನೆಯ ಮಹಡಿಯ ಗಂಟಲು

ನಮ್ಮ ಸಂಗೀತೋತ್ಸವದ ಸ್ಮರಣ ಸಂಚಿಕೆಗೆ ಪ್ರತಿ ವರ್ಷ ನಾನೊಂದು ಲೇಖನ ಬರೆಯುತ್ತೇನೆ. ಜಮಖಾನೆ ಕೊಟ್ಟವರಿಗೆ, ಮೈಕು ಕೊಟ್ಟವರಿಗೆ, ಚಹಾ ಮಾಡಿದವರಿಗೆ ಕೃತಜ್ಞತೆ ಹೇಳುವಷ್ಟರಲ್ಲಿ ಪುಟ ತುಂಬುತ್ತದೆ. ಬೇಗ ತುಂಬಲಿ ಎಂದೇ ಒಂದು ವರ್ಷ ಚಪ್ಪಲಿ ಕಾದವರ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ. ಹೇಳಬೇಕಾದ ಒಂದು ಸಂಗತಿಯನ್ನು ಹೇಳದೆ ಆರು ವರ್ಷ ಹೀಗೆ ದೂಡಿದ್ದಾಯಿತು. ವಯಸ್ಸಾದ ಮೇಲೆ ಮನುಷ್ಯನಿಗೆ ಧೈರ್ಯ ಬರುತ್ತದೆ ಎನ್ನುತ್ತಾರೆ; ನನಗೆ ಬಂದದ್ದು ಮಂಡಿನೋವು ಮಾತ್ರ.

ನಾನು ಮೆಟ್ರಿಕ್ ಮುಗಿಸಿ ಗದಗಿನಿಂದ ಪುಣೆಗೆ ಬಂದು, ಕಾರ್ಖಾನೆಯ ಸ್ಟೋರಿನಲ್ಲಿ ಇಡೀ ಆಯುಷ್ಯ ನಟ್ಟು ಬೋಲ್ಟು ಕಾದವನು. ಸಂಗೀತಕ್ಕೂ ನನಗೂ ಸಂಬಂಧ ಬಂದದ್ದು ಉಪ್ಪಿಟ್ಟಿನ ಮೂಲಕ. ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿರುವ ಹಿರಿಯ ಹೆಣ್ಣುಮಗಳು (ಹೆಸರನ್ನು ಆಮೇಲೆ ಹೇಳುತ್ತೇನೆ, ಹೇಳಲೇಬೇಕು) ಹಿಂದೆ ಹಾಡು ಕಲಿಸುತ್ತಿದ್ದವರು. ಒಂದು ಭಾನುವಾರ ಬೆಳಿಗ್ಗೆ ಮನೆ ಮನೆಗೆ ಬಂದು, ತಮ್ಮ ಹಳೆಯ ಶಿಷ್ಯೆಯೊಬ್ಬಳಿಗೆ ಎಲ್ಲೂ ಹಾಡಲು ಅವಕಾಶ ಸಿಗುತ್ತಿಲ್ಲ, ನಮ್ಮ ಮನೆಯಲ್ಲೇ ಹಾಡುತ್ತಾಳೆ, ಉಪ್ಪಿಟ್ಟು ಮಾಡಿದ್ದೇನೆ, ಬಂದು ಕೂಡ್ರಿ ಎಂದು ಕರೆದರು. ಹದಿನೇಳು ಜನ ಹೋಗಿದ್ದೆವು. ಅದರಲ್ಲಿ ಇಬ್ಬರು ಉಪ್ಪಿಟ್ಟಿಗಾಗಿ ಬಂದವರು. ಇನ್ನೊಬ್ಬರು ಯಾರೆಂದು ನನಗೆ ತಿಳಿಯದು. ಹುಡುಗಿ ಆಲಾಪ ಶುರುಮಾಡಿದಾಗ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಅವಳು ಸ್ವಲ್ಪವೂ ಕಂಗೆಡದೆ ಆ ಸ್ವರವನ್ನೇ ಹಿಡಿದು ಮೇಲೆ ಹೋದಳು. ಎಲ್ಲರೂ ವಾಹವಾ ಎಂದರು. ಕೊನೆಗೆ ಮನೆಯೊಡತಿಯೇ ತಂಬೂರಿ ಹಿಡಿದು ಕೂತು ಒಂದು ಭೈರವಿ ಹಾಡಿದರು. ಅದೇ ರೂಢಿಯಾಯಿತು. ಪ್ರತಿ ವರ್ಷ ವೇದಿಕೆ ಸಿಗದವರು ಹಾಡುವುದು, ಕಡೆಯ ಭೈರವಿ ಅವರದು. ಭೈರವಿ ಆದ ಮೇಲೆ ಮತ್ತೆ ಯಾರೂ ಹಾಡುವುದಿಲ್ಲ. ನನಗಿದ್ದ ರಾಗಜ್ಞಾನವೂ ಅಷ್ಟೇ: ಜನ ಎದ್ದು ಚಪ್ಪಲಿ ಹುಡುಕಲು ತೊಡಗಿದರೆ ಆಗ ಮುಗಿದದ್ದು ಭೈರವಿ.

ಉತ್ಸವ ಬೆಳೆಯಿತು. ಮನೆ ಸಾಲದೆ ಕಟ್ಟಡದ ಮೇಲಿನ ಗಚ್ಚಿಗೆ ಹೋದೆವು, ಬಿಸಿಲು ತಾಳದೆ ಪಾರ್ಕಿಂಗಿಗೆ ಇಳಿದೆವು, ಅಲ್ಲಿಂದ ಕಾತ್ರಜದ ಹತ್ತಿರದ ಒಂದು ಶಾಲೆಯ ಸಭಾಂಗಣಕ್ಕೆ ನಡೆದೆವು. ಟಿಕೆಟ್ಟಿಲ್ಲ, ಲಾಭವಿಲ್ಲ; ಹಾಡುವವರಿಗೆ ಬಸ್ಸು, ಊಟ, ಒಂದು ತೆಂಗಿನಕಾಯಿ. ಮಗರಪಟ್ಟಾದಲ್ಲಿ ಕೆಲಸ ಮಾಡುವ ಮೈಸೂರಿನ ಮೇಘನಾ ಪೋಸ್ಟರು, ಫೋನಿನ ಪ್ರಚಾರ ಎಲ್ಲ ವಹಿಸಿಕೊಂಡಳು. ನನ್ನನ್ನು ವ್ಯವಸ್ಥಾಪಕನನ್ನಾಗಿ ಮಾಡಿದರು. ಎದೆಯ ಮೇಲೆ ಬಿಲ್ಲೆ ಬಂತು. ಅದು ಬಂದ ಮೇಲೆ ನಾನು ಮನೆಯಲ್ಲೂ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದೆನೆಂದು ನನ್ನ ಹೆಂಡತಿ ಹೇಳುತ್ತಾಳೆ.

ಆರು ವರ್ಷದ ಹಿಂದೆ ಧಾರವಾಡದ ಕಡೆಯ ದೊಡ್ಡ ಗಾಯಕರೊಬ್ಬರು ತಾವಾಗಿಯೇ ಬರುತ್ತೇನೆಂದರು. ನನಗೆ ಕಾಲು ನೆಲಕ್ಕೆ ತಾಗಲಿಲ್ಲ. ಇಷ್ಟು ದೊಡ್ಡವರು ಹಾಡಿದ ಮೇಲೆ ಉಪ್ಪಿಟ್ಟು ಮಾಡುವ ಹೆಣ್ಣುಮಗಳು ಹಾಡಿದರೆ ಅವರಿಗೆ ಅವಮಾನವಲ್ಲವೇ ಎಂದು ನಾನೇ ಯೋಚಿಸಿದೆ, ನಾನೇ ತೀರ್ಮಾನಿಸಿದೆ. ಗಾಯಕರಿಗೆ, ಭೈರವಿ ನೀವೇ ಹಾಡಬೇಕು ಎಂದೆ. ಎರಡನೆಯ ಮಹಡಿಯವರಿಗೆ ಏನೂ ಹೇಳಲಿಲ್ಲ.

ಅವರು ಹಸಿರು ಇಳಕಲ್ ಸೀರೆ ಉಟ್ಟು, ತಂಬೂರಿ ಶ್ರುತಿ ಮಾಡಿಕೊಂಡು ಪರದೆಯ ಮರೆಯಲ್ಲಿ ಕೂತಿದ್ದರು. ಗಾಯಕರು ಎತ್ತಿಕೊಂಡದ್ದು ಭೈರವಿ ಎಂದು ನನಗೆ ಗೊತ್ತಾದದ್ದು ಮರೆಯಲ್ಲಿ ಕೂತವರ ಕೈ ನೋಡಿ. ತಂತಿಯ ಮೇಲಿದ್ದ ಬೆರಳು ನಿಂತಿತು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಮಲಗಿದ ಮಗುವಿಗೆ ಹೊದಿಸುವ ಹಾಗೆ ತಂಬೂರಿಗೆ ಗವಸು ಹಾಕಿದರು.

ಮುಗಿದ ಮೇಲೆ ಗಾಯಕರು ನೇರವಾಗಿ ನಮ್ಮ ಹತ್ತಿರ ಬಂದು, "ಅಕ್ಕಾರ ಭೈರವಿ ಭಾಳ ಕೇಳಿದ್ದೆ, ಅದಕ್ಕಂತನ ಬಂದಿದ್ದೆ. ನನಗ್ಯಾಕ ಹಾಡ ಅಂದ್ರಿ?" ಎಂದು ನನ್ನನ್ನು ಕೇಳಿದರು. ಎರಡನೆಯ ಮಹಡಿಯವರು ಪಕ್ಕದಲ್ಲೇ ನಿಂತಿದ್ದರು. ನನ್ನ ಬಾಯಿಂದ ಬಂದದ್ದು, "ಅವರ ಗಂಟಲಾ ಸರಿ ಇಲ್ರಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕುತ್ತಿಗೆ ಮುಟ್ಟಿಕೊಂಡು, "ಹೌದ್ರಿ, ಎರಡು ದಿನಾತು, ಕೂತುಬಿಟ್ಟದ" ಎಂದರು. ಗಂಟೆಯಂಥ ದನಿ. ತಕ್ಷಣ ನೆನಪಾಗಿ ಒಮ್ಮೆ ಕೆಮ್ಮಿದರು ಕೂಡ.

ಮರುದಿನದಿಂದ ಔಷಧಿಗಳ ಮೆರವಣಿಗೆ. ನನ್ನ ಹೆಂಡತಿ ಜ್ಯೇಷ್ಠಮಧು ಕೊಟ್ಟಳು, ಮೇಘನಾ ಹಬೆ ತೆಗೆದುಕೊಳ್ಳುವ ಯಂತ್ರ ತಂದಳು. ಮೂರನೆಯ ಮಹಡಿಯವರು ಜೇಜುರಿಗೆ ಹೋಗಿ ಬಂದು ಖಂಡೋಬನ ಭಂಡಾರದ ಪುಡಿಯನ್ನು ತಾವೇ ಅವರ ಗಂಟಲಿಗೆ ಬಳಿದರು. ಒಂದು ವಾರ ಅವರ ಕುತ್ತಿಗೆ ಅರಿಶಿನವಾಗಿತ್ತು. ನೆಟ್ಟಗಿದ್ದ ಗಂಟಲಿಗೆ ಅಷ್ಟೂ ಕಷಾಯವನ್ನು ಅವರು ಮುಖ ಕಿವುಚದೆ ಕುಡಿದರು. ಮುಂದಿನ ವರ್ಷ ಮೆಟ್ಟಿಲ ಬಳಿ ನಾಲ್ಕು ಜನರ ನಡುವೆ, ಈ ಸಲ ಹಾಡುತ್ತೀರಲ್ಲ ಎಂದು ಧೈರ್ಯ ಮಾಡಿ ಕೇಳಿದೆ. "ಗಂಟಲಾ ಇನ್ನೂ ಸರಿ ಆಗಿಲ್ಲಲ್ರಿ. ನಿಮಗ ಗೊತ್ತದಲ್ಲ" ಎಂದು ನಕ್ಕು ಮೇಲೆ ಹೋದರು.

ಆ ಗಂಟಲು ಇವತ್ತಿಗೂ ಸರಿಯಾಗಿಲ್ಲ. ಆದರೆ ನಮ್ಮ ಬಚ್ಚಲಿನ ಗೋಡೆಗುಂಟ ಒಂದು ಕೊಳವೆ ಎರಡನೆಯ ಮಹಡಿಯಿಂದ ಕೆಳಗಿಳಿಯುತ್ತದೆ. ದಿನಾ ಬೆಳಿಗ್ಗೆ, ಕಿಟಕಿ ಮುಚ್ಚಿಕೊಂಡು ಅವರು ಮೆಲ್ಲಗೆ ಹಾಡುವುದು ಅದರಗುಂಟ ಇಳಿದು ಬರುತ್ತದೆ. ನನ್ನ ಸುಳ್ಳು ಹೊರಬೀಳಬಾರದೆಂದು ಮುಚ್ಚಿದ ಕಿಟಕಿ ಅದು. ಸಭಾಂಗಣದ ತುಂಬ ಜನ ಕೇಳಬೇಕಾದದ್ದನ್ನು ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ನಾನೊಬ್ಬನೇ ಕೇಳುತ್ತೇನೆ. ಈಗ ಚಪ್ಪಲಿಯ ಕಡೆ ನೋಡದೆಯೂ ಭೈರವಿಯ ಗುರುತು ಹಿಡಿಯುತ್ತೇನೆ.

ನಿನ್ನೆ ಮೇಘನಾ ಬಂದು, "ಅಂಕಲ್, ಲಾಸ್ಟಲ್ಲಿ ಯಾರು ಹಾಡ್ತಾರೆ? ಪೋಸ್ಟರ್ ಫೈನಲ್ ಮಾಡ್ಬೇಕು" ಎಂದಳು. ಆ ಜಾಗ ಖಾಲಿ ಬಿಡು ಎಂದೆ. ಮೇಲೆ ಹೋಗಿ ಕೇಳಬೇಕು. ಮೂವತ್ತನಾಲ್ಕು ಮೆಟ್ಟಿಲು. ಹನ್ನೆರಡನೆಯದರ ತನಕ ಹತ್ತಿ ಇಳಿದು ಬಂದೆ. ಮಂಡಿನೋವೆಂದು ಹೆಂಡತಿಗೆ ಹೇಳಿದೆ. ಪಾಪ, ಎಣ್ಣೆ ಬಿಸಿ ಮಾಡಿ ತಂದಳು.

ಅದಕ್ಕೇ ಇದನ್ನು ಬರೆದೆ. ಸಂಚಿಕೆಯ ಕನ್ನಡ ಪುಟಗಳ ಕರಡು ತಿದ್ದುವವರು ಎರಡನೆಯ ಮಹಡಿಯವರೇ. ಸಂಜೆ ಮೇಘನಾ ಈ ಹಾಳೆಗಳನ್ನು ಮೇಲೆ ಒಯ್ಯುತ್ತಾಳೆ. ತಪ್ಪೊಪ್ಪಿಗೆಯನ್ನೂ ಇನ್ನೊಬ್ಬರ ಕಾಲಿನ ಮೇಲೆ ಕಳಿಸುವ ವ್ಯವಸ್ಥಾಪಕ ನಾನು. ಕೆಂಪು ಪೆನ್ನು ಹಿಡಿದು ಇಲ್ಲಿಯವರೆಗೆ ಬಂದಿದ್ದರೆ, ಬೇಕಾದ್ದನ್ನೆಲ್ಲ ಹೊಡೆದುಹಾಕಿರಿ, ಆದರೆ ನಾಳೆ ಬೆಳಿಗ್ಗೆ ಆ ಕಿಟಕಿಯೊಂದನ್ನು ತೆರೆದಿಡಿರಿ. ನಿಮ್ಮ ಗಂಟಲಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ನನ್ನ ನಾಲಿಗೆ. ತಪ್ಪಾತ್ರಿ, ವತ್ಸಲಕ್ಕಾ.