ಮಾಕುಟ್ಟದ ಗೋಡೌನಿಗೆ ಹಂಚು ಹೊದಿಸಿದ್ದು

ಜನ ಇರುವ ಕಡೆ ತಮಾಷೆ ನಡೆಯುತ್ತದೆ ಅನ್ನುತ್ತಾರೆ. ನನಗೆ ನಡೆದದ್ದೆಲ್ಲ ಜನ ಇಲ್ಲದ ಕಡೆ. ಇದನ್ನು ಮೊದಲೇ ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಇನ್ನು ಮೈಸೂರಿನ ಕಡೆ ಸರಕು ತಡೆಯುವವರಿಲ್ಲ, ಉಳಿದದ್ದು ಕೇರಳದ ಗಡಿ ಒಂದೇ ಎಂದು ವಿರಾಜಪೇಟೆಯ ನಮ್ಮ ಸಾಹುಕಾರರು ಲೆಕ್ಕ ಹಾಕಿದರು. ಗಡಿಯ ಪಕ್ಕದಲ್ಲೇ, ಮಾಕುಟ್ಟದ ಕಾಡಿನಲ್ಲಿ, ಮೆಣಸು ಏಲಕ್ಕಿ ಇಡಲು ಗೋಡೌನು ಕಟ್ಟಿಸತೊಡಗಿದರು. ನಾನು ಅದರ ಮೇಲ್ವಿಚಾರಕ.

"ಏನೇನು ಅಪಾಯ ಬರಬಹುದು ಅಂತ ಮೊದಲೇ ಯೋಚಿಸಿ ತಡೆಯೋದೇ ನಿನ್ನ ಕೆಲಸ. ಮಳೆಗೆ ಮುಂಚೆ ಹಂಚು ಹೊದಿಸಿದರೆ ಮುಂದಿನ ಕೆಲಸ ಮಡಿಕೇರಿ ಪೇಟೆಯಲ್ಲಿ," ಎಂದರು.

ಮಡಿಕೇರಿ ಪೇಟೆ ಅಂದರೆ ಜನ. ಇಲ್ಲಿ ಕೆಲಸದವರೆಲ್ಲ ಸಂಜೆ ಸೇತುವೆ ದಾಟಿ ಕೇರಳದ ತಮ್ಮ ಮನೆಗಳಿಗೆ ಹೋಗುತ್ತಿದ್ದರು. ಆಮೇಲೆ ಸುಣ್ಣದ ರಾಶಿ ಮತ್ತು ನಾನು. ಅನ್ನ ಬೆಂದಿತು ಅಂತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರಿಗೂ ಹೇಳುವಂತಿರಲಿಲ್ಲ, ಅದಕ್ಕೆ.

ಆನೆ

ಒಂದು ಬೆಳಿಗ್ಗೆ ನೋಡಿದರೆ ಹಿಂದಿನ ಗೋಡೆ ಬಿದ್ದಿದೆ. ಆನೆ ಮೈ ಉಜ್ಜಿಕೊಂಡು ಹೋಗಿತ್ತು. ಗಾರೆ ಇನ್ನೂ ಹಸಿ ಇತ್ತು, ಆದ್ದರಿಂದ ಗೋಡೆಯದು ತಪ್ಪಲ್ಲ.

ಸಾಹುಕಾರರು ಬಂದು ಮಲಯಾಳಿ ಮೇಸ್ತ್ರಿಯ ಮೇಲೆ ರೇಗಿದರು. "ಆನೆ ಒರಗಿದರೂ ಬೀಳದ ಹಾಗೆ ಕಟ್ಟೋಕಾಗಲ್ವೇನಯ್ಯಾ?"

"ಕಟ್ಟಬಹುದು ಮೊದಲಾಳಿ. ಪರೀಕ್ಷೆ ಮಾಡೋಕೆ ಆನೆ ಮಾತ್ರ ನೀವೇ ತರಿಸ್ಬೇಕು."

ಮರಳು

ಮರಳು ಕೇರಳದ ಕಡೆಯಿಂದ ಬರುತ್ತಿತ್ತು. ಪ್ರತಿ ಲಾರಿಯನ್ನೂ ಚೆಕ್‌ಪೋಸ್ಟಿನ ಗಾರ್ಡು ತಡೆಯುತ್ತಿದ್ದ. ಸೋಮವಾರಪೇಟೆ ಕಡೆಯವನು, ಒಂಟಿಯಾಗಿ ಅಲ್ಲೇ ವಾಸ. ಲಾರಿ ಬಿಡಿಸಿಕೊಳ್ಳಲು ನಾನೇ ಹೋಗಬೇಕಿತ್ತು.

"ಒಳಗೇನೈತೆ ಸಾರ್?"

"ಮರಳು."

"ಅದರ ಕೆಳಗೆ?"

"ಅಲ್ಲೂ ಮರಳೇ."

ಅವನು ಕಬ್ಬಿಣದ ಸರಳಿನಿಂದ ಒಂದು ಸಲ ತಿವಿಯುವನು, ನನಗೆ ಕಾಫಿ ಕೊಡುವನು, ಊರು ಕೇಳುವನು, ಮತ್ತೊಂದು ಸಲ ತಿವಿಯುವನು. ಕೊನೆಗೆ ತಡೆಯಲಾರದೆ ಕೇಳಿದೆ: "ಇದರಲ್ಲಿ ಏನೂ ಇಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು ಬುಡಿ. ಅದ್ಕೇ ನಿಧಾನಕ್ಕೆ ಹುಡುಕ್ತಿರಾದು."

ಹಂಚು

ಗೋಡೆ ಎದ್ದಿತು, ಮರದ ತೊಲೆ ಕೂತಿತು. ಕಣ್ಣೂರಿನಿಂದ ಹಂಚಿನ ಲಾರಿ ಬಂದ ದಿನ ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಾಗಿತ್ತು. ಹೊದಿಕೆ ಇಲ್ಲದೆ ಮಳೆ ಬಿದ್ದರೆ ಗೋಡೆಯೂ ಹೋಗುತ್ತದೆ, ನನ್ನ ಮಡಿಕೇರಿಯೂ ಹೋಗುತ್ತದೆ. ಗಾರ್ಡು ಒಂದೊಂದೇ ಹಂಚು ಎತ್ತಿ, ತಟ್ಟಿ, ಕಿವಿಗಿಟ್ಟು ಕೇಳುತ್ತಿದ್ದ.

"ಬೇಗ ಬಿಡಿ ಮಾರಾಯ್ರೇ, ಮಳೆ!"

"ಇದು ಮುಗುದ್ರೆ ನೀವು ಯಾವಾಗ ಹೋಗದು?"

"ಮಾರನೇ ದಿನವೇ!"

ಅವನು ಆಗಲೇ ನೋಡಿ ಕೆಳಗಿಟ್ಟಿದ್ದ ಹಂಚನ್ನು ಮತ್ತೆ ಎತ್ತಿಕೊಂಡ.

"ಅದನ್ನ ನೋಡಿ ಆಯ್ತಲ್ಲ?"

"ಇನ್ನೊಂದ್ಸಲ ನೋಡ್ತೀನಿ."

ನನಗೆ ಆಗ ಅರ್ಥವಾಯಿತು. ಅವನ ಪಕ್ಕ ಕೂತು ಹೇಳಿದೆ, "ಗೋಡೌನು ಆದ್ರೆ ಇಲ್ಲಿಗೆ ಲೆಕ್ಕ ಬರೆಯೋಕೆ ಒಬ್ಬ ರೈಟರ್ ಬಂದೇ ಬರ್ತಾನೆ."

"ಅವ್ನು ಮಾತಾಡ್ತಾನಾ?"

"ಸಾಹುಕಾರರಿಗೆ ಹೇಳಿ ಒಳ್ಳೇ ಮಾತುಗಾರನ್ನೇ ಹಾಕಿಸ್ತೀನಿ."

ಅವನು ಲಾರಿ ಬಿಟ್ಟ. ಬಿಟ್ಟದ್ದಷ್ಟೇ ಅಲ್ಲ, ತಾನೂ ಬಂದು ಹಂಚು ಹೊತ್ತ. ಕೊನೆಯ ಹಂಚು ಕೂರುವಾಗ ಮಳೆ ಸುರಿಯಿತು. ಒಳಗೆ ಒಂದು ಹನಿ ಬೀಳಲಿಲ್ಲ.

ಗೋಡೌನು ನೋಡಲು ಬಂದ ಸಾಹುಕಾರರಿಗೆ ಎಲ್ಲ ತಿಳಿಸಿದೆ. ಕೊಟ್ಟ ಮಾತಿನಂತೆ ಇದನ್ನೂ ಸೇರಿಸಿದೆ: "ಇನ್ನು ಉಳಿದಿರುವ ಅಪಾಯ ಒಂದೇ. ಇಲ್ಲಿಗೆ ಬರುವ ರೈಟರ್ ಮಾತುಗಾರನಲ್ಲದಿದ್ದರೆ ಒಂದು ಲಾರಿಯೂ ಗಡಿ ದಾಟುವುದಿಲ್ಲ."

ಅವರು ತಲೆದೂಗಿದರು. "ಭೇಷ್, ಸರಿಯಾಗಿ ಯೋಚಿಸಿದ್ದೀಯ. ಮಡಿಕೇರಿಗೆ ಬೇರೆ ಯಾರನ್ನಾದ್ರೂ ಕಳಿಸ್ತೀನಿ. ಇಲ್ಲಿ ರೈಟರ್ ಆಗಿ ನೀನೇ ಇರು."

ಹಾಸಿಗೆಯ ಸುರುಳಿಯನ್ನು ಗೋಡೌನಿನೊಳಗೆ ಇಟ್ಟು ಚೆಕ್‌ಪೋಸ್ಟಿಗೆ ಹೋಗಿ ಸುದ್ದಿ ಹೇಳಿದೆ. ಗಾರ್ಡು ಬೆಂಚು ಒರೆಸಿ ಜಾಗ ಬಿಟ್ಟ. ಆಮೇಲೆ ಬಹಳ ಬೇಸರದಿಂದ ಅಂದ:

"ಇದ್ನ ಮೊದ್ಲೇ ಹೇಳಬಾರ್ದಾ ಸಾರ್? ಆ ಹಂಚನ್ನೆಲ್ಲ ಸುಮ್ ಸುಮ್ನೆ ತಟ್ಟಿದ್ನಲ್ಲ!"