ಸ್ಟೋರ್ ರೂಮಿನಲ್ಲಿ ಗಾನಸಮಾಧಿ

ಇನ್ನು ಮುಂದೆ ಯಾವ ಸ್ಟುಡಿಯೋದ ಹೊಸ್ತಿಲನ್ನೂ ತುಳಿಯುವುದಿಲ್ಲ, ನನ್ನ ಹಾಡನ್ನು ನನ್ನ ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ ಎಂದು ನಾನು ಘೋಷಿಸಿದಾಗ ಕೇಳಿಸಿಕೊಳ್ಳಲು ಇದ್ದವರು ಇಬ್ಬರೇ: ನನ್ನ ಹೆಂಡತಿ ಮತ್ತು ಅವಳ ತಾಯಿ. ಹೆಂಡತಿ ತಲೆಯೆತ್ತದೆ, "ಎಲ್ಲಿ?" ಎಂದಳು. ಅತ್ತೆ ಮಾತ್ರ ಕನ್ನಡಕ ಸರಿಮಾಡಿಕೊಂಡು, ಒಳ್ಳೆಯದಾಯಿತು, ಮನೆಗೂ ಒಂದು ಕಳೆ ಬರುತ್ತದೆ ಎಂದು ಹರಸಿದರು.

ನಾನು ಸ್ವತಂತ್ರ ಸಂಗೀತಗಾರ. ಸ್ವತಂತ್ರ ಎಂದರೆ ನನ್ನನ್ನು ಯಾರೂ ಕಟ್ಟಿಹಾಕಿಲ್ಲ ಎಂದು ನಾನು ಹೇಳಿಕೊಳ್ಳುತ್ತೇನೆ. ತನ್ನೊಬ್ಬಳನ್ನು ಬಿಟ್ಟು ಇನ್ಯಾರೂ ಕಟ್ಟಿಕೊಂಡಿಲ್ಲ ಎಂದು ಹೆಂಡತಿ ತಿದ್ದುತ್ತಾಳೆ. ಹಾಡು ಬರೆಯುವವನು ನಾನೇ, ರಾಗ ಕೂಡಿಸುವವನು ನಾನೇ, ಹಾಡುವವನು ನಾನೇ. ಎಷ್ಟೋ ಸಲ ಕೇಳುವವನೂ ನಾನೇ! ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳು ಸೂಜಿ ಚುಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲವಂತೆ. ಅವಳ ಮಾತೂ ಹಾಗೆಯೇ. ಚುಚ್ಚಿ ಎಷ್ಟೋ ಹೊತ್ತಾದ ಮೇಲೆ ನೋಡಿಕೊಂಡರೆ ರಕ್ತ ಬಂದಿರುತ್ತದೆ.

ಆದರೆ ಈ ಸಲ ನನ್ನ ಹಾಡಿಗೆ ನಿಜವಾಗಿಯೂ ಒಬ್ಬರು ಗಿರಾಕಿ ಸಿಕ್ಕಿದ್ದರು. ಕಿರುಚಿತ್ರ ಮಾಡುವ ನಿರ್ದೇಶಕಿಯೊಬ್ಬರು ಅಂತರ್ಜಾಲದಲ್ಲಿ ನನ್ನ ಯಾವುದೋ ಹಾಡು ಕೇಳಿ ಫೋನ್ ಮಾಡಿದ್ದರು. ಕೆಲಸ ಮುಗಿಸಿ ದಣಿದು ಬಂದ ತಾಯಿ ಮಗುವನ್ನು ಮಲಗಿಸುವ ದೃಶ್ಯವಂತೆ. ಹಿನ್ನೆಲೆಗೊಂದು ಜೋಗುಳ ಬೇಕು, ಶನಿವಾರ ಸಂಜೆಯೊಳಗೆ ಬೇಕು. ಇಷ್ಟು ವರ್ಷ ಯಾರೂ ಕರೆಯದ ಊಟಕ್ಕೆ ಎಲೆ ಹಿಡಿದು ನಿಂತವನನ್ನು ಒಬ್ಬರು ಹೆಸರು ಹಿಡಿದು ಕರೆದಂತಾಗಿತ್ತು.

ಹಾಡೇನೋ ಒಂದೇ ದಿನದಲ್ಲಿ ಸಿದ್ಧವಾಯಿತು. 'ಕಣ್ಣ ಬಾಗಿಲ ಹಾಕು ಕಂದಾ, ಹಗಲು ಹೊರಗೆ ಹೋಯಿತು' ಎಂದು ಶುರು. ತೊಂದರೆಯಿದ್ದದ್ದು ಮನೆಯಲ್ಲಿ. ಎದುರಿನ ಬಸ್ ಸ್ಟಾಪಿನ ಹಾರ್ನು, ಮೇಲಿನ ಮನೆಯ ಮಿಕ್ಸಿ, ನಮ್ಮದೇ ಫ್ರಿಜ್ಜಿನ ಗೊರಕೆ, ಎಲ್ಲವೂ ಮೈಕಿನೊಳಗೆ ನುಗ್ಗಿ ನನ್ನ ಜೋಗುಳಕ್ಕೆ ಪಕ್ಕವಾದ್ಯ ನುಡಿಸುತ್ತಿದ್ದವು. ಆ ಸದ್ದಿನಲ್ಲಿ ಮಲಗಿದ ಮಗುವೂ ಎದ್ದು ಓಡಬೇಕು!

ಆಗ ನನ್ನ ದಿವ್ಯದೃಷ್ಟಿ ಅಡುಗೆಮನೆಯ ಪಕ್ಕದ ಸ್ಟೋರ್ ರೂಮಿನ ಮೇಲೆ ಬಿತ್ತು. ಕಿಟಕಿಯಿಲ್ಲ, ಗಟ್ಟಿ ಬಾಗಿಲು. ಅದರಲ್ಲಿದ್ದ ಸೂಟ್‌ಕೇಸು, ಮುರಿದ ಫ್ಯಾನು, ಹಳೆಯ ಪಾತ್ರೆಗಳನ್ನೆಲ್ಲ ಮಲಗುವ ಕೋಣೆಗೆ ಸಾಗಿಸಿದೆ. ಮಲಗುವ ಕೋಣೆಯ ಹಾಸಿಗೆ, ಕಂಬಳಿ, ಪರದೆ, ದಿಂಬುಗಳನ್ನೆಲ್ಲ ಸ್ಟೋರ್ ರೂಮಿಗೆ ಸಾಗಿಸಿದೆ. ಸಾಲದ್ದಕ್ಕೆ ಅತ್ತೆಯ ಹಾಸಿಗೆಯನ್ನೂ ತಂದು, ಗೋಡೆ ಬಾಗಿಲುಗಳ ಒಂದಂಗುಲವೂ ಬರಿದಾಗಿರದಂತೆ ಮೊಳೆ ಹೊಡೆದು ಹೊದಿಸಿದೆ. ಹೆಂಡತಿ ಬಂದು ಬರೀ ಮಂಚವನ್ನು ನೋಡಿದಳು.

"ರಾತ್ರಿ ಹೊದೆಯೋಕೆ ಏನಿದೆ?"

"ಕಲೆಗೋಸ್ಕರ ಸ್ವಲ್ಪ ಚಳಿ ತಡ್ಕೋಬೇಕು."

"ಕಲೆ ನಿಮ್ದು, ಚಳಿ ನಂದಾ?"

ನಾನು ಸುತ್ತಿಗೆ ಎತ್ತಿಕೊಂಡು ಸ್ಟೋರ್ ರೂಮಿಗೆ ನುಸುಳಿದೆ.

ಎಲ್ಲ ಮುಗಿಯಿತು ಎನ್ನುವಾಗ ಹೊಸದೊಂದು ವಿಘ್ನ. ನಾನು ಕೆಳಸ್ವರಕ್ಕಿಳಿದಾಗಲೆಲ್ಲ ಬಾಗಿಲ ಒಳಗಡೆಯ ಹಿಡಿ ಝುಂಯ್ ಎಂದು ನಡುಗುತ್ತಿತ್ತು. ನನ್ನ ದನಿಗೆ ಕಬ್ಬಿಣವೂ ಕಂಪಿಸುತ್ತದಲ್ಲ ಎಂದು ಹೆಮ್ಮೆಯಾಯಿತು. ಹೆಮ್ಮೆ ಇಳಿದ ಮೇಲೆ ಸ್ಕ್ರೂಡ್ರೈವರ್ ತಂದು ಹಿಡಿಯನ್ನೇ ಬಿಚ್ಚಿ ಫ್ರಿಜ್ಜಿನ ಮೇಲಿಟ್ಟೆ. ಅದರ ಜಾಗಕ್ಕೊಂದು ದಿಂಬು ಬಡಿದೆ. ನಾನು ಈ ಕತೆ ಹೇಳಿದಾಗ ಬುದ್ಧಿವಂತರು ಇಲ್ಲಿಗೇ ನಗಲು ಶುರು ಮಾಡುತ್ತಾರೆ. ನನಗೆ ಮಾತ್ರ ಆಗ ಏನೂ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಹೆಂಡತಿ ಆಸ್ಪತ್ರೆಗೆ ಹೋದಳು. ನಾನು ಅತ್ತೆಯನ್ನು ಕರೆದು ಕಾವಲಿಗೆ ನೇಮಿಸಿದೆ. ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮಾತು ಸ್ಪಷ್ಟ, ಕರ್ತವ್ಯ ಕಟ್ಟುನಿಟ್ಟು. ಕಂಪ್ಯೂಟರಿನ ಫ್ಯಾನು ಸದ್ದು ಮಾಡುತ್ತದೆಂದು ಅದನ್ನು ಹೊರಗೆ, ಅವರ ಕುರ್ಚಿಯೆದುರಿನ ಮೇಜಿನ ಮೇಲಿಟ್ಟಿದ್ದೆ. ಮೈಕಿನ ತಂತಿ ಬಾಗಿಲಡಿಯಿಂದ ಒಳಗೆ ಹೋಗಿತ್ತು. ಮೊಬೈಲಿನ ಗುಯ್‌ಗುಡುವಿಕೆ ಬೇಡವೆಂದು ಅದನ್ನೂ ಹೊರಗೇ ಬಿಟ್ಟೆ. ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತಿದ್ದರೆ ನಾನು ಹಾಡುತ್ತಿದ್ದೇನೆಂದು ತಿಳಿಯಿರಿ, ಏನೇ ಆದರೂ ನಾನಾಗಿ ಹೊರಗೆ ಬರುವವರೆಗೆ ಬಾಗಿಲು ತೆಗೆಯಬೇಡಿ, ಯಾರಿಗೂ ಸದ್ದು ಮಾಡಲು ಬಿಡಬೇಡಿ ಎಂದು ಹೇಳಿದೆ. ಅತ್ತೆ ಸೆರಗು ಬಿಗಿದು ಕುಳಿತರು.

ಒಳಗೆ ಹೋದೆ. ಬಾಗಿಲೆಳೆದುಕೊಂಡೆ. ಅದು ಹದವಾಗಿ ಕೂತು ಕ್ಲಿಕ್ಕೆಂದಿತು. ಆಹಾ, ಎಂಥ ನಿಶ್ಶಬ್ದ! ನನ್ನ ಎದೆ ಬಡಿತವೇ ಮೃದಂಗದಂತೆ ಕೇಳಿಸಿತು. ಮೈಮರೆತು ಹಾಡಿದೆ. ಮುಗಿಸಿ, ಬೆವರೊರೆಸಿಕೊಂಡು, ಹೊರಗೆ ಬರಲು ಕೈ ಚಾಚಿದೆ. ಕೈಗೆ ದಿಂಬು ಸಿಕ್ಕಿತು.

ದಿಂಬು ಕಿತ್ತೆ. ಹಿಂದೆ ಒಂದು ತೂತು, ಅಷ್ಟೇ. ಬೆರಳು ಹಾಕಿ ತಿರುಗಿಸಿದೆ, ಉಗುರು ಮುರಿಯಿತು. ಮೊದಲು ಮರ್ಯಾದೆಯಿಂದ ಕರೆದೆ, "ಅತ್ತೆ, ಸ್ವಲ್ಪ ಬಾಗಿಲು ತೆಗೀತೀರಾ?" ಆಮೇಲೆ ಸ್ವಲ್ಪ ಜೋರಾಗಿ. ಆಮೇಲೆ ಮರ್ಯಾದೆ ಬಿಟ್ಟು. ಬಾಗಿಲು ಗುದ್ದಿದೆ. ಅದರ ಮೇಲಿದ್ದದ್ದು ಅತ್ತೆಯದೇ ಒಳ್ಳೆಯ ಹತ್ತಿಯ ಹಾಸಿಗೆ, ಗುದ್ದನ್ನೆಲ್ಲ ತಾಯಿಯಂತೆ ಒಡಲಿಗೆ ಹಾಕಿಕೊಂಡಿತು. ನನ್ನ ಕೈಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು! ಜೀವನದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಒಂದು ಬಡಗಿ ಕೆಲಸ ನನ್ನ ಕುತ್ತಿಗೆಗೇ ಬಂದಿತ್ತು.

ಹೊರಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ನಾನು ಕೂಗಿದಾಗಲೆಲ್ಲ ಹಸಿರು ಗೆರೆ ಪರದೆಯ ಮೇಲಿನಿಂದ ಕೆಳಗಿನವರೆಗೆ ಚಿಮ್ಮುತ್ತಿತ್ತಂತೆ. ಅಳಿಯಂದಿರು ಇವತ್ತು ರಂಗೇರಿಬಿಟ್ಟಿದ್ದಾರೆ ಎಂದು ಅತ್ತೆಗೆ ಕಣ್ಣಲ್ಲಿ ನೀರೇ ಬಂತಂತೆ. ಅವರು ಇನ್ನಷ್ಟು ಕಟ್ಟುನಿಟ್ಟಾದರು. ಫ್ರಿಜ್ಜನ್ನು ಆಫ್ ಮಾಡಿದರು. ಮೇಲಿನ ಮನೆಗೆ ಹೋಗಿ ಮಿಕ್ಸಿ ನಿಲ್ಲಿಸಿ ಬಂದರು. ನಲ್ಲಿ ರಿಪೇರಿಗೆ ಬಂದಿದ್ದವನನ್ನು ಬಾಗಿಲಲ್ಲೇ ತಡೆದು, ತುಟಿಯ ಮೇಲೆ ಬೆರಳಿಟ್ಟು ವಾಪಸು ಕಳಿಸಿದರು. ನನ್ನನ್ನು ಬಿಡಿಸಬಹುದಾಗಿದ್ದ, ಸುತ್ತಿಗೆ ಸ್ಪ್ಯಾನರುಗಳ ಸಮೇತ ಬಂದಿದ್ದ ಒಬ್ಬನೇ ಮನುಷ್ಯ ಹಾಗೆ ಬೆಕ್ಕಿನ ಹೆಜ್ಜೆಯಿಟ್ಟು ಮೆಟ್ಟಿಲಿಳಿದು ಹೋದ!

ಒಳಗೆ ಸೆಕೆಯೆಂದರೆ ಸೆಕೆ. ಅಂಗಿ ಬಿಚ್ಚಿದೆ. ಕಂಬಳಿಗಳೆಲ್ಲ ನನ್ನ ಉಸಿರನ್ನು ನನಗೇ ಹಿಂದಿರುಗಿಸುತ್ತಿದ್ದವು. ಅಲ್ಲಿಯವರೆಗೆ ತಮಾಷೆಯಂತಿದ್ದದ್ದು ತಮಾಷೆಯಾಗಿ ಉಳಿಯಲಿಲ್ಲ. ನಿಜ ಹೇಳುತ್ತೇನೆ, ಹೆದರಿದೆ. ಹೆದರಿದವನು ಹರಕೆ ಹೊರುವಂತೆ ನಾನು ಹೆಂಡತಿಗೇ ಒಂದೊಂದಾಗಿ ಮಾತು ಕೊಡತೊಡಗಿದೆ. ಇನ್ನು ನಿನ್ನ ಕಂಬಳಿ ಮುಟ್ಟುವುದಿಲ್ಲ. ನಿನ್ನ ತಮ್ಮನನ್ನು ಆಡಿಕೊಳ್ಳುವುದಿಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದಿಲ್ಲ.

ಬಾಗಿಲು ತೆರೆಯಿತು. ಹೆಂಡತಿ ನಿಂತಿದ್ದಳು, ಕಿವಿಗೆ ನನ್ನ ಹೆಡ್‌ಫೋನು. ಬೆಳಕು, ಗಾಳಿ, ಅವಳು ಒಟ್ಟಿಗೇ ಒಳಬಂದಂತಾಗಿ ನಾನು ಅಲ್ಲೇ ಕುಸಿದು ಕುಳಿತೆ. ಅವಳು ನೀರು ಕುಡಿಸಿದಳು, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು, ಅಭ್ಯಾಸ ಬಲದಿಂದ ನಾಡಿಯನ್ನೂ ಹಿಡಿದು ನೋಡಿದಳು. ಮಧ್ಯಾಹ್ನ ಕೆಲಸ ಮುಗಿಸಿ ಅವಳು ಬಂದಾಗ ಅತ್ತೆ ಅವಳಿಗೂ ಶ್ ಎಂದಿದ್ದರಂತೆ. ಅವಳಿಗೆ ಗೆರೆಯ ಕುಣಿತ ನೋಡಿ ಜೋಗುಳದಲ್ಲಿ ಇಷ್ಟೇಕೆ ಅಬ್ಬರ ಎಂದು ಅನುಮಾನ ಬಂದು ಹೆಡ್‌ಫೋನ್ ಹಾಕಿಕೊಂಡಳಂತೆ.

ನನಗೆ ಏನೋ ಹೊಳೆಯಿತು. ಕೀರಲು ದನಿಯಲ್ಲಿ ಕೇಳಿದೆ, "ಯಾವಾಗಿಂದ ಕೇಳ್ತಿದ್ದೆ?"

"ಕಂಬಳಿಯಿಂದ."

"ಮತ್ತೆ ಆಗ್ಲೇ ತೆಗೀಬಾರ್ದಿತ್ತಾ?"

"ಬಾಗಿಲ ಮೇಲೆ ಕೈ ಇಟ್ಕೊಂಡೇ ನಿಂತಿದ್ದೆ ಕಣ್ರೀ. ಪಾತ್ರೆ ತೊಳೆಯೋ ವಿಷಯ ಇನ್ನೇನು ಬರುತ್ತೆ ಅಂತ ಒಂದೇ ಒಂದು ಕ್ಷಣ ಕಾದೆ."

ಅತ್ತೆ ಮಾತ್ರ ನಗಲಿಲ್ಲ. ಬಾಯಿಗೆ ಸೆರಗಿಟ್ಟುಕೊಂಡು ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದರು. ಅವರನ್ನು ಸಮಾಧಾನಪಡಿಸೋಣವೆಂದು ಬಾಯಿ ತೆರೆದರೆ ಬರೀ ಗಾಳಿ ಬಂತು. ಕೂಗಿ ಕೂಗಿ ಗಂಟಲು ಕೈಕೊಟ್ಟಿತ್ತು. ಮೊದಲು ಹಾಡಿದ್ದನ್ನು ಕೇಳಿ ನೋಡಿದೆವು. ಪಾಪ, ಸುತ್ತಲಿನ ಹತ್ತಿಯೆಲ್ಲ ಹಾಡಿಗೂ ತುಂಬಿಕೊಂಡಂತೆ, ಜೀವವೇ ಇಲ್ಲ. ಸಂಜೆಯೊಳಗೆ ಕಳಿಸಬೇಕು. ನಾನು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡೆ. ಎಷ್ಟು ವರ್ಷಕ್ಕೆ ಬಂದ ಒಂದು ಕರೆ!

ನಿರ್ದೇಶಕಿಗೆ ಧಾಟಿಯಾದರೂ ತಿಳಿಯಲಿ, ಅಮ್ಮ ಹಾಡಲಿ, ಗಂಟಲು ಸರಿಹೋದ ಮೇಲೆ ನೀವು ಹಾಡಿ ಕಳಿಸಿ ಎಂದು ಹೆಂಡತಿಯೇ ದಾರಿ ತೋರಿಸಿದಳು. ಅತ್ತೆ ಎಷ್ಟು ಬೇಡವೆಂದರೂ ಅವಳು ಬಿಡಲಿಲ್ಲ. ಮೈಕನ್ನು ಊಟದ ಮೇಜಿನ ಮೇಲಿಟ್ಟೆ. ಹೆಂಡತಿ ಕಂಬಳಿಗಳನ್ನು ಮಡಿಸುತ್ತ ಕುಳಿತಳು. ನಾನು ಪಿಸುಗುಟ್ಟಿ, ಕೈಯಾಡಿಸಿ, ಹುಬ್ಬು ಹಾರಿಸಿ ರಾಗ ಹೇಳಿಕೊಟ್ಟೆ. ಅತ್ತೆ ನಾನು ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಕೇಳಿ, ಯಾವುದನ್ನೂ ಪಾಲಿಸದೆ ಹಾಡಿದರು. ನಾನು ಏರಿಸಿದಲ್ಲಿ ಇಳಿಸಿದರು, ಎಳೆದಲ್ಲಿ ನಿಲ್ಲಿಸಿದರು. ನಡುವೆ ಬಸ್ಸಿನ ಹಾರ್ನು ಬಂದಾಗ, ಮಗುವಿನ ಬೆನ್ನು ತಟ್ಟುವಂತೆ ಮೇಜನ್ನು ಮೆಲ್ಲಗೆ ತಟ್ಟಿದರು. ಕಂಬಳಿ ಮಡಿಸುತ್ತಿದ್ದವಳ ಕೈ ನಿಂತಿತು. ಅವಳು ಅಮ್ಮನ ಕಡೆ ನೋಡುತ್ತಿದ್ದ ರೀತಿ ನೋಡಿ ನಾನು ಕೈಯಾಡಿಸುವುದನ್ನು ಬಿಟ್ಟೆ.

ಕ್ಷಮೆ ಕೋರಿ, ಗಂಟಲು ಕೆಟ್ಟಿದೆ, ಇದು ಬರೀ ಮಾದರಿ ಎಂದು ಬರೆದು ಕಳಿಸಿದೆ. ಸಂಜೆ ನಿರ್ದೇಶಕಿಯ ಫೋನು ಬಂತು. ಹಾಡು ಇದೇ ಇರಲಿ, ಆ ಹಾರ್ನನ್ನೂ ತೆಗೆಯಬೇಡಿ ಎಂದರು. ಚಿತ್ರಕ್ಕೆ ಇನ್ನೆರಡು ಹಾಡು ಬೇಕು, ನೀವೇ ಬರೆಯಿರಿ, ಅವರೇ ಹಾಡಲಿ ಎಂದೂ ಹೇಳಿದರು. ನಾನು ಗೊಗ್ಗರು ದನಿಯಲ್ಲಿ, ಸೋಮವಾರದ ಹೊತ್ತಿಗೆ ನನ್ನ ಗಂಟಲು ಸರಿಯಾಗುತ್ತದೆ ಎಂದು ಭರವಸೆ ಕೊಟ್ಟೆ.

"ಏನೂ ಅವಸರ ಇಲ್ಲ, ನಿಧಾನವಾಗೇ ವಾಸಿಯಾಗ್ಲಿ" ಎಂದರು ಅವರು, ಬಹಳ ಅಂತಃಕರಣದಿಂದ.

ಚುಚ್ಚಿದ್ದು ಗೊತ್ತಾಯಿತು. ಆದರೆ ಸುದ್ದಿ ಕೇಳಿದ ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಎಕ್ಸ್‌ಚೇಂಜಲ್ಲಿ ಅಷ್ಟೊಂದು ಜನ ನನ್ನ ದನಿ ಕೇಳಿದ್ರು, ಒಬ್ರೂ ಹೆಸರು ಕೇಳ್ಲಿಲ್ಲ. ಇದ್ರಲ್ಲಿ ಹೆಸರು ಹಾಕ್ತಾರಾ?" ಎಂದಾಗ ನನ್ನ ನೋವೆಲ್ಲ ನಾಚಿಕೊಂಡು ಒಳಗೆ ಹೋಯಿತು. ಹಾಕುತ್ತಾರೆ, ನನ್ನ ಹೆಸರಿಗಿಂತ ಮೇಲೆ ಹಾಕುತ್ತಾರೆ ಎಂದೆ. ಹಾಗೇ ಹಾಕಿಸಿದೆ ಕೂಡ.

ಮುಂದಿನ ಹಾಡಿನ ದಿನ ಅತ್ತೆ ಒಂದೇ ಷರತ್ತು ಹಾಕಿದರು: ಅಳಿಯಂದಿರ ಎದುರು ಹಾಡಲು ಸಂಕೋಚವಾಗುತ್ತದೆ, ಅವರು ಹೊರಗಿರಬೇಕು. ಹೆಂಡತಿ ರೆಕಾರ್ಡ್ ಗುಂಡಿ ಒತ್ತುವುದನ್ನು ಕಲಿತಿದ್ದಳು. ನಾನು ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಪಕ್ಕದ ಮನೆಯ ಕಣ್ಣಿನ ಡಾಕ್ಟರು ತರಕಾರಿ ಚೀಲ ಹಿಡಿದು ಹತ್ತಿ ಬಂದವರು ನನ್ನನ್ನು ನೋಡಿ ನಿಂತರು. ಒಳಗೆ ರೆಕಾರ್ಡಿಂಗ್ ನಡೆಯುತ್ತಿದೆ ಎಂದೆ. ಅವರು ಕಿವಿಗೊಟ್ಟು ಕೇಳಿದರು. ಮತ್ತೆ ನನ್ನ ಮುಖ ನೋಡಿದರು.

"ಓ, ಹಾಡ್ತಿರೋದು ನೀವಲ್ಲ. ಅದಕ್ಕೇ ಅಂದ್ಕೊಂಡೆ" ಎಂದರು, "ಇವತ್ತು ನಮ್ಮನೇಲಿ ಯಾರೂ ಕಿಟಕಿ ಮುಚ್ಲಿಲ್ವಲ್ಲ ಅಂತ."